ನೂರು ಮೊಟ್ಟೆಗಳ ಕಥೆಯನ್ನು ಮಕ್ಕಳಿಗೆ ಇತಿಹಾಸವೆಂದು ಹೇಳಬಹುದೇ?

ಪ್ರಶ್ನೆ: ಪತಿಯ ಉದ್ಯೋಗದ ಕಾರಣ ನಾವು ಹನೋಯಿಯಲ್ಲಿ ನೆಲೆಸಿದ್ದೇವೆ. ಬೆಂಗಳೂರಿನಲ್ಲಿರುವ ಅಕ್ಕನ ಮಕ್ಕಳಿಗಾಗಿ ವಿಯೆಟ್ನಾಮಿನ ಕಥೆಗಳನ್ನು ಕನ್ನಡದಲ್ಲಿ ಬರೆಯಲು ಶುರು ಮಾಡಿದೆ; ಈಗ ಅದನ್ನು ಪುಸ್ತಕ ಮಾಡುವ ಆಸೆ ಹುಟ್ಟಿದೆ. ಆದರೆ ಮೊದಲ ಅಧ್ಯಾಯದಲ್ಲೇ ಸಿಕ್ಕಿಬಿದ್ದಿದ್ದೇನೆ. ನೆರೆಮನೆಯ ಅಜ್ಜಿ ಡ್ರ್ಯಾಗನ್ ದೊರೆಯ ಕಥೆಯನ್ನು ನಡೆದದ್ದೆಂಬಂತೆಯೇ ಹೇಳುತ್ತಾರೆ, ನಮ್ಮದು ನಾಲ್ಕು ಸಾವಿರ ವರ್ಷಗಳ ಇತಿಹಾಸ ಎನ್ನುತ್ತಾರೆ. ಅಂತರ್ಜಾಲದಲ್ಲಿ ಹುಡುಕಿದರೆ ಅದು 15ನೆಯ ಶತಮಾನದಲ್ಲಿ ಕಟ್ಟಿದ ಕಥೆ ಎಂದಿದೆ. ಹಾಗಿದ್ದರೆ ಚೀನೀ ಆಳ್ವಿಕೆಯ ವಿರುದ್ಧ ಬಂಡೆದ್ದ ಟ್ರುಂಗ್ ಸಹೋದರಿಯರೂ ಕಟ್ಟುಕಥೆಯೇ? ಇದರ ಮಧ್ಯೆ, ವಿಯೆಟ್ನಾಮಿನವರು ಶಿವಾಜಿ ಮಹಾರಾಜರಿಂದ ಸ್ಫೂರ್ತಿ ಪಡೆದು ಅಮೆರಿಕವನ್ನು ಸೋಲಿಸಿದರು, ಮೂಲದಲ್ಲಿ ಅವರೆಲ್ಲ ಹಿಂದೂಗಳೇ ಎಂಬ ವಾಟ್ಸಾಪ್ ಸಂದೇಶವನ್ನು ಮುನ್ನುಡಿಗೆ ಸೇರಿಸೆಂದು ಮಾವನವರು ಹೇಳುತ್ತಿದ್ದಾರೆ. ಸುಳ್ಳು ಬರೆಯಲು ಮನಸ್ಸಿಲ್ಲ, ಅಜ್ಜಿಯನ್ನು ನೋಯಿಸಲೂ ಮನಸ್ಸಿಲ್ಲ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರವನ್ನು ಓದಿ ನಿಜಕ್ಕೂ ಸಂತೋಷವಾಯಿತು. ಆಗ್ನೇಯ ಏಷ್ಯಾದ ಇತಿಹಾಸವನ್ನು ಕಲಿಸುತ್ತ ಬಂದಿರುವ ನನಗೆ, ಕನ್ನಡದ ಮಕ್ಕಳಿಗೆ ವಿಯೆಟ್ನಾಂ ಎಂದರೆ ಯುದ್ಧದ ಚಿತ್ರಗಳನ್ನು ಬಿಟ್ಟು ಬೇರೇನೂ ಹೊಳೆಯುವುದಿಲ್ಲವೆಂಬ ಕೊರಗು ಬಹಳ ದಿನಗಳಿಂದ ಇದೆ. ನಿಮ್ಮ ಆತಂಕದ ಬೇರು ಒಂದೇ: ಪ್ರತಿಯೊಂದು ಕಥೆಯನ್ನೂ ನಿಜ ಅಥವಾ ಸುಳ್ಳು ಎಂಬ ಎರಡು ಗೂಡುಗಳಲ್ಲಿ ಒಂದಕ್ಕೆ ತುರುಕಲೇಬೇಕೆಂದು ನೀವು ಅಂದುಕೊಂಡಿದ್ದೀರಿ. ನಾನಾದರೆ ಬೇರೆ ಪ್ರಶ್ನೆ ಕೇಳುತ್ತೇನೆ. ಈ ಕಥೆ ಮೊದಲು ಬರವಣಿಗೆಗೆ ಇಳಿದದ್ದು ಯಾವಾಗ? ಆಗ ಅದು ಯಾರಿಗೆ ಬೇಕಾಗಿತ್ತು? ಈ ಎರಡಕ್ಕೆ ಉತ್ತರ ಸಿಕ್ಕರೆ ಡ್ರ್ಯಾಗನ್ ದೊರೆಯ ಕಥೆಯೂ ಒಂದು ಐತಿಹಾಸಿಕ ದಾಖಲೆಯೇ ಆಗುತ್ತದೆ, ಆದರೆ ಅದು ಹೇಳಿಕೊಳ್ಳುವ ಕಾಲದ ದಾಖಲೆಯಲ್ಲ.

ಮೊದಲು ಕಥೆ. ನೀರಿನ ಕುಲದ ಡ್ರ್ಯಾಗನ್ ದೊರೆ ಲಾಕ್ ಲಾಂಗ್ ಕ್ವಾನ್ ಮತ್ತು ಬೆಟ್ಟದ ದೇವಕನ್ಯೆ ಔ ಕೋ ಮದುವೆಯಾಗುತ್ತಾರೆ. ಅವಳು ಹಡೆದದ್ದು ಒಂದು ಚೀಲ. ಅದರೊಳಗೆ ನೂರು ಮೊಟ್ಟೆಗಳು, ನೂರು ಗಂಡುಮಕ್ಕಳು. ನೀರಿನವನಿಗೂ ಬೆಟ್ಟದವಳಿಗೂ ಒಂದೇ ಕಡೆ ಬಾಳಲಾಗದೆ ಐವತ್ತು ಮಕ್ಕಳು ತಾಯಿಯೊಡನೆ ಬೆಟ್ಟಕ್ಕೆ, ಐವತ್ತು ಮಕ್ಕಳು ತಂದೆಯೊಡನೆ ಕಡಲತಡಿಗೆ ಹೋಗುತ್ತಾರೆ. ಹಿರಿಯ ಮಗ ವಾನ್ ಲಾಂಗ್ ಎಂಬ ರಾಜ್ಯದ ಮೊದಲ ಹುಂಗ್ ರಾಜನಾಗುತ್ತಾನೆ. ಜಗಳವಿಲ್ಲದೆ, ಯಾರನ್ನೂ ಕೆಟ್ಟವರನ್ನಾಗಿಸದೆ ಬೇರೆಯಾಗುವ ತಂದೆ-ತಾಯಿಯಿಂದ ತನ್ನ ಮೂಲವನ್ನು ಹೇಳಿಕೊಳ್ಳುವ ಜನಾಂಗ ಅಪರೂಪ. ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಆರಂಭ ನನಗೆ ತಿಳಿಯದು.

ಇನ್ನು ಲೆಕ್ಕ. ಸಾಂಪ್ರದಾಯಿಕ ವರ್ಷಪಟ್ಟಿಯಲ್ಲಿ ಈ ವಂಶ ಕ್ರಿ.ಪೂ. 2879ರಲ್ಲಿ, ಲಾಕ್ ಲಾಂಗ್ ಕ್ವಾನನ ತಂದೆಯಿಂದ ಶುರುವಾಗಿ ಕ್ರಿ.ಪೂ. 258ರಲ್ಲಿ ಮುಗಿಯುತ್ತದೆ. ಅಂದರೆ ಸುಮಾರು 2,620 ವರ್ಷ. ಹುಂಗ್ ರಾಜರೋ ಹದಿನೆಂಟು ಮಂದಿ. ಒಬ್ಬೊಬ್ಬ ರಾಜನೂ ಹತ್ತಿರ ಹತ್ತಿರ 145 ವರ್ಷ ಆಳಿರಬೇಕಾಗುತ್ತದೆ. ಈ 2879ರ ವರ್ಷವನ್ನು ನಮಗೆ ಕೊಟ್ಟದ್ದು 1479ರಲ್ಲಿ ನ್ಗೋ ಸಿ ಲಿಯೆನ್ ಎಂಬ ಆಸ್ಥಾನ ಇತಿಹಾಸಕಾರ ಮುಗಿಸಿದ ಬೃಹತ್ ರಾಜಚರಿತೆ. ಅವನಿಗಿಂತ ಎರಡು ಶತಮಾನ ಮೊದಲು, 1272ರಲ್ಲಿ, ಲೆ ವಾನ್ ಹುವು ಬರೆದ ರಾಜಚರಿತೆ ಹುಂಗ್ ರಾಜರಿಂದ ಆರಂಭವಾಗುತ್ತಲೇ ಇರಲಿಲ್ಲ, ಕ್ರಿ.ಪೂ. 207ರ ಟ್ರಿಯೆವ್ ದಾನಿಂದ, ಅಂದರೆ ಚೀನೀಯರು ಜಾವೊ ತುವೊ ಎಂದು ಕರೆಯುವ ದಕ್ಷಿಣದ ದೊರೆಯಿಂದ, ಅದು ಶುರುವಾಗಿತ್ತು. 14ನೆಯ ಶತಮಾನದ ಇನ್ನೊಂದು ಸಂಕ್ಷಿಪ್ತ ಚರಿತೆಯಲ್ಲಿ ಹುಂಗ್ ರಾಜ ಬರುತ್ತಾನೆ. ಆದರೆ ಕ್ರಿ.ಪೂ. 7ನೆಯ ಶತಮಾನದಲ್ಲಿ, ಮಾಯಾವಿದ್ಯೆಯಿಂದ ಬುಡಕಟ್ಟುಗಳನ್ನು ಒಂದುಗೂಡಿಸಿದ ಒಬ್ಬ ವಿಲಕ್ಷಣ ವ್ಯಕ್ತಿಯಾಗಿ. ಅಲ್ಲಿಂದ ಕ್ರಿ.ಪೂ. 258ರವರೆಗೆ ಹದಿನೆಂಟು ತಲೆಮಾರು ಎಂದರೆ ತಲೆಗೆ ಸುಮಾರು 24 ವರ್ಷ. ಇದು ಮನುಷ್ಯರ ಲೆಕ್ಕಕ್ಕೆ ಒಗ್ಗುತ್ತದೆ. ಆಶ್ಚರ್ಯವೆಂದರೆ, ನೆಲದಡಿ ಸಿಕ್ಕ ಸಾಕ್ಷ್ಯವೂ ಹೆಚ್ಚುಕಡಿಮೆ ಅದೇ ಕಾಲವನ್ನು ತೋರಿಸುತ್ತದೆ. ದೊಡ್ಡ ಕಂಚಿನ ಭೇರಿಗಳಿಗೆ ಹೆಸರಾದ ದೋಂಗ್ ಸೋನ್ ಸಂಸ್ಕೃತಿ ಕೆಂಪು ನದಿಯ ಬಯಲಿನಲ್ಲಿ ಬೆಳೆದದ್ದು ಆಗಲೇ. ಉಬ್ಬರವಿಳಿತವನ್ನು ಅನುಸರಿಸಿ ಗದ್ದೆ ಮಾಡುತ್ತಿದ್ದ 'ಲಾಕ್' ಜನರು, ಅವರ ನಾಯಕರು ಚೀನಾದ ಹಳೆಯ ಬರಹಗಳಲ್ಲೂ ಕಾಣಿಸಿಕೊಳ್ಳುತ್ತಾರೆ. ನದಿಬಯಲಿನಲ್ಲಿ ಭತ್ತ ಬೆಳೆದು ಕಂಚು ಎರೆಯುತ್ತಿದ್ದ ಬಲಿಷ್ಠ ಸಮಾಜವೊಂದು ಇದ್ದದ್ದು ಖಂಡಿತ. ಅದಕ್ಕೆ ಹದಿನೆಂಟು ರಾಜರ ವಂಶಾವಳಿ ಜೋಡಣೆಯಾದದ್ದು ಮಾತ್ರ ಬಹಳ ತಡವಾಗಿ.

ಯಾಕೆ 15ನೆಯ ಶತಮಾನದಲ್ಲೇ? ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ನಿಮ್ಮ ಪುಸ್ತಕದ ಜೀವ ಇರುವುದು ಇಲ್ಲೇ. 1407ರಿಂದ 1427ರವರೆಗೆ ಮಿಂಗ್ ಚೀನಾ ಈ ನಾಡನ್ನು ತನ್ನ ಪ್ರಾಂತ್ಯವಾಗಿ ಆಳಿತು. ಸ್ಥಳೀಯರು ಬರೆದ ಪುಸ್ತಕಗಳನ್ನು ಸುಡಿ, ಶಾಸನಗಳನ್ನು ಒಡೆಯಿರಿ ಎಂಬ ಆದೇಶ ಚಕ್ರವರ್ತಿಯಿಂದಲೇ ಬಂದಿತ್ತು. ಹತ್ತು ವರ್ಷ ಹೋರಾಡಿ ಲೆ ಲೋಯಿ ಅವರನ್ನು ಹೊರಗಟ್ಟಿದ. ಅವನ ಪರವಾಗಿ 1428ರಲ್ಲಿ ನ್ಗುಯೆನ್ ಟ್ರಾಯ್ ಬರೆದ ವಿಜಯ ಘೋಷಣೆ ತಮ್ಮ ರಾಜವಂಶಗಳನ್ನು ಚೀನಾದ ಹಾನ್, ತಾಂಗ್, ಸೋಂಗ್, ಯುವಾನ್ ವಂಶಗಳ ಪಕ್ಕದಲ್ಲಿ ಸರಿಸಮನಾಗಿ ನಿಲ್ಲಿಸಿತು. ಅದೇ ಶತಮಾನದ ಕೊನೆಯ ಭಾಗದಲ್ಲಿ ಡ್ರ್ಯಾಗನ್ ದೊರೆಯ ವಂಶಾವಳಿ ಅಧಿಕೃತ ಇತಿಹಾಸಕ್ಕೆ ಸೇರಿತು. ಅದರಲ್ಲಿ ಡ್ರ್ಯಾಗನ್ ದೊರೆಯ ತಂದೆ, ಚೀನೀಯರು ತಮ್ಮ ಪುರಾತನ ಸಾಮ್ರಾಟನೆಂದು ಎಣಿಸುವ ಶೆನ್ನೊಂಗನ ವಂಶದವನು. ಅಣ್ಣ ಉತ್ತರವನ್ನು ಆಳಿದ, ತಮ್ಮ ದಕ್ಷಿಣವನ್ನು ಆಳಿದ ಎನ್ನುತ್ತದೆ ಆ ಚರಿತೆ. ನಾವು ನಿಮ್ಮ ಪ್ರಜೆಗಳಲ್ಲ, ದಾಯಾದಿಗಳು. ನಮ್ಮ ಪಾಲು ನಮ್ಮದು ಎಂಬ ವಾದ ಇದು. ಕಥೆಯ ಎಳೆಗಳು ಕೂಡ ಹಲವು ಕಡೆಯಿಂದ ಬಂದವು. ದೊಂಗ್‌ಟಿಂಗ್ ಸರೋವರದ ನಾಗಕನ್ಯೆ, ಅಂದರೆ ಡ್ರ್ಯಾಗನ್ ದೊರೆಯ ತಾಯಿ, ತಾಂಗ್ ಕಾಲದ ಚೀನೀ ಕಥೆಯೊಂದರಲ್ಲಿ ಮೊದಲೇ ಇದ್ದಾಳೆ. ಬೆಟ್ಟದಲ್ಲಿರುವ ಮುವೋಂಗ್ ಜನರ ಹಾಡುಗಳಲ್ಲಿಯೂ ಮನುಷ್ಯರು ಮೊಟ್ಟೆಯಿಂದಲೇ ಹುಟ್ಟುತ್ತಾರೆ. ಪಂಡಿತರು ಸುಮ್ಮನೆ ಕುಳಿತು ಸುಳ್ಳು ಹೆಣೆದರು ಎಂದು ನಾನು ಹೇಳಲಾರೆ. ಪುಸ್ತಕಗಳನ್ನು ಕಳೆದುಕೊಂಡ ನಾಡು ಕೈಗೆ ಸಿಕ್ಕ ನೆನಪುಗಳಿಂದ ತನ್ನ ವಂಶಾವಳಿಯನ್ನು ಮತ್ತೆ ಬರೆದುಕೊಂಡಿತು.

ಇದನ್ನು ಅನುಮಾನಿಸಿದವರೆಲ್ಲ ಹೊರಗಿನವರು ಎಂಬ ಭಾವನೆ ಬೇಡ. 19ನೆಯ ಶತಮಾನದಲ್ಲಿ ತು ದುಕ್ ಚಕ್ರವರ್ತಿಯ ಆಸ್ಥಾನದಲ್ಲಿ ಹೊಸ ರಾಜಚರಿತೆ ಸಿದ್ಧವಾದಾಗ, ಈ ಅದ್ಭುತ ಜನನದ ಕಥೆಗಳು ನಂಬಲು ತಕ್ಕವಲ್ಲವೆಂದು ಡ್ರ್ಯಾಗನ್ ದೊರೆಯನ್ನೂ ಅವನ ತಂದೆಯನ್ನೂ ಮುಖ್ಯ ಪಠ್ಯದಿಂದ ತೆಗೆದು, ಹುಂಗ್ ರಾಜರಿಂದ ಆರಂಭಿಸಲಾಯಿತು. ವಿಯೆಟ್ನಾಮಿನ ಪಂಡಿತರು ತಮ್ಮ ಕಥೆಗಳ ಬಗ್ಗೆ ತಾವೇ ವಾದ ಮಾಡಿಕೊಂಡು ಬಂದಿದ್ದಾರೆ. ನೀವು ಪ್ರಶ್ನೆ ಎತ್ತಿದರೆ ಅದು ಆ ನಾಡಿನ ಸಂಪ್ರದಾಯಕ್ಕೆ ಹೊರತಲ್ಲ.

ಇನ್ನು ಅಜ್ಜಿ. ಅವರ ಪಾಲಿಗೆ ಹುಂಗ್ ರಾಜರು ಇತಿಹಾಸದ ಪಾಠವಲ್ಲ, ಹಿರಿಯರ ಪೂಜೆ. ಫು ಥೋ ಪ್ರಾಂತ್ಯದ ಬೆಟ್ಟದ ಮೇಲಿರುವ ಹುಂಗ್ ಗುಡಿಯ ವಾರ್ಷಿಕ ಪೂಜೆಗೆ ಚಾಂದ್ರಮಾನ ಮೂರನೆಯ ತಿಂಗಳ ಹತ್ತನೆಯ ದಿನ ಗೊತ್ತಾದದ್ದು 1917ರಲ್ಲಿ. ಹನೋಯಿ ಫ್ರೆಂಚರ ಕೈಯಿಂದ ಬಿಡುಗಡೆಯಾಗುವ ಮುನ್ನ, 1954ರ ಸೆಪ್ಟೆಂಬರಿನಲ್ಲಿ, ಹೋ ಚಿ ಮಿನ್ ಅದೇ ಗುಡಿಯ ಬಳಿ ಸೈನಿಕರನ್ನು ಕಂಡು, ಹುಂಗ್ ರಾಜರು ಕಟ್ಟಿದ ನಾಡನ್ನು ನಾವು ಉಳಿಸಿಕೊಳ್ಳಬೇಕು ಎಂಬರ್ಥದ ಮಾತು ಹೇಳಿದರು. 2007ರಿಂದ ಆ ದಿನ ದೇಶಕ್ಕೆಲ್ಲ ರಜೆ. 2012ರಲ್ಲಿ ಆ ಪೂಜೆ ಯುನೆಸ್ಕೋ ಪಟ್ಟಿಗೆ ಸೇರಿತು. ಇಷ್ಟೆಲ್ಲ ಹೊತ್ತಿರುವ ನಂಬಿಕೆಯ ಮುಂದೆ 145 ವರ್ಷಗಳ ಲೆಕ್ಕ ತೆಗೆದಿಡುವ ಅಗತ್ಯ ನಿಮಗಿಲ್ಲ. ಅಜ್ಜಿ ನಿಮ್ಮ ಪುಸ್ತಕದ ಪರೀಕ್ಷಕರಲ್ಲ, ನಿಮಗೆ ಕಥೆ ಕೊಟ್ಟವರು. ಅವರ ಹುಟ್ಟೂರಿನ ಗುಡಿಯಲ್ಲಿ ಯಾರಿಗೆ ಪೂಜೆ ನಡೆಯುತ್ತದೆಂದು ಕೇಳಿ ನೋಡಿ. ಅಲ್ಲಿ ಹಳ್ಳಿಹಳ್ಳಿಗೂ ಒಬ್ಬ ಕಾವಲು ದೈವವಿದೆ. ಅನೇಕ ಕಡೆ ಅದು ಯಾವುದೋ ಕಾಲದ ಸೇನಾನಿ ಅಥವಾ ಕಸುಬು ಕಲಿಸಿದ ಗುರು. ಪುಸ್ತಕಗಳಲ್ಲಿ ಸಿಗದ ಕಥೆ ನಿಮಗೆ ಸಿಗುವುದು ಅಲ್ಲಿ.

ನಿಮ್ಮ ಮನೆಯಿಂದ ಹೆಚ್ಚು ದೂರವಿಲ್ಲದ ಕೊ ಲೋವಾ ಕೋಟೆಗೆ ಹೋಗಿದ್ದೀರಾ? ಹೋಗದಿದ್ದರೆ ಈ ವಾರವೇ ಹೋಗಿ. ಪುರಾಣ ಮತ್ತು ಅಗೆತ ಒಂದೇ ಮಣ್ಣಿನಲ್ಲಿ ಸಿಗುವ ಜಾಗ ಅದು. ಆನ್ ಜುವೋಂಗ್ ವುವೋಂಗ್ ಎಂಬ ರಾಜ ಕೋಟೆ ಕಟ್ಟಿದಂತೆಲ್ಲ ರಾತ್ರಿ ಅದು ಕುಸಿಯುತ್ತಿತ್ತು. ಚಿನ್ನದ ಆಮೆ ಬಂದು ನೆರವಾಗಿ, ತನ್ನ ಉಗುರನ್ನೇ ಬಿಲ್ಲಿನಿಂದ ಬಾಣ ಬಿಡುವ ಕೀಲಿಗೆಂದು ಕೊಟ್ಟಿತು. ಒಂದು ಸಲ ಎಳೆದರೆ ಸಾವಿರಾರು ಶತ್ರುಗಳು ಬೀಳುತ್ತಿದ್ದರು. ಶತ್ರುವಾದ ಟ್ರಿಯೆವ್ ದಾ ತನ್ನ ಮಗ ಟ್ರೋಂಗ್ ಥುಯಿಯನ್ನು ರಾಜಕುಮಾರಿ ಮಿ ಚೌಗೆ ಮದುವೆ ಮಾಡಿಸಿ ಉಗುರನ್ನು ಕದಿಸಿದ. ಸೋತ ರಾಜ ಮಗಳನ್ನು ಕುದುರೆಯ ಮೇಲೆ ಕೂರಿಸಿಕೊಂಡು ಓಡಿದ. ಅವಳು ಗಂಡನಿಗೆ ಗುರುತಾಗಲೆಂದು ದಾರಿಯುದ್ದಕ್ಕೂ ಹೆಬ್ಬಾತಿನ ಗರಿಗಳನ್ನು ಚೆಲ್ಲುತ್ತ ಹೋದಳು. ಕಡಲತಡಿಯಲ್ಲಿ ಆಮೆ ಎದ್ದು, ಶತ್ರು ನಿನ್ನ ಬೆನ್ನ ಹಿಂದೆಯೇ ಕುಳಿತಿದ್ದಾಳೆ ಎಂದಿತು. ರಾಜ ಮಗಳ ತಲೆ ಕಡಿದ. ಕೊ ಲೋವಾದ ಗುಡಿಯಲ್ಲಿ ಇವತ್ತಿಗೂ ತಲೆಯಿಲ್ಲದ ಕಲ್ಲೊಂದನ್ನು ಮಿ ಚೌ ಎಂದು ಪೂಜಿಸುತ್ತಾರೆ. ಇನ್ನು ಮಣ್ಣು ಹೇಳುವುದನ್ನು ಕೇಳಿ: 1959ರಲ್ಲಿ ಕೋಟೆಯ ಬಳಿ ಸಾವಿರಾರು ಕಂಚಿನ ಬಾಣದ ಮೊನೆಗಳು ಒಂದೇ ಕಡೆ ಸಿಕ್ಕವು. ಮೂರು ಸುತ್ತಿನ ಮಣ್ಣಿನ ಕೋಟೆಗೋಡೆಗಳಲ್ಲಿ ಹೊರಗಿನದು ಸುಮಾರು 8 ಕಿ.ಮೀ. ಉದ್ದ. ಈ ಶತಮಾನದ ಆರಂಭದಲ್ಲಿ ನಡೆದ ಅಗೆತಗಳು ಗೋಡೆಗಳ ಮುಖ್ಯ ಭಾಗವನ್ನು ಕ್ರಿಸ್ತಪೂರ್ವದ ಕೊನೆಯ ಶತಮಾನಗಳಿಗೆ, ಚೀನೀ ಆಳ್ವಿಕೆಗೂ ಮುಂಚಿನ ಕಾಲಕ್ಕೆ ಸೇರಿಸಿವೆ. ಆಮೆಯ ಉಗುರು ಸಿಗಲಿಲ್ಲ. ಇಷ್ಟು ದೊಡ್ಡ ಗೋಡೆಯನ್ನು ಕಟ್ಟಿಸಬಲ್ಲ ಒಬ್ಬ ದೊರೆ ಇದ್ದನೆಂಬುದು ಸಿಕ್ಕಿತು.

ಟ್ರುಂಗ್ ಸಹೋದರಿಯರನ್ನು ಮಾತ್ರ ದಯವಿಟ್ಟು ಡ್ರ್ಯಾಗನ್ ದೊರೆಯ ಜೊತೆ ಕೂರಿಸಬೇಡಿ. ಟ್ರುಂಗ್ ಟ್ರಾಕ್ ಮತ್ತು ತಂಗಿ ಟ್ರುಂಗ್ ನ್ಹಿ ಇದ್ದವರು, ಸಂಶಯವೇ ಬೇಡ. ಕ್ರಿ.ಶ. 40ರಲ್ಲಿ ಹಾನ್ ಆಡಳಿತದ ವಿರುದ್ಧ ಎದ್ದು 65 ಪಟ್ಟಣಗಳನ್ನು ವಶಪಡಿಸಿಕೊಂಡ, 43ರಲ್ಲಿ ಸೇನಾಪತಿ ಮಾ ಯುವಾನ್ ಬಂದು ಸದೆಬಡಿದ ಬಂಡಾಯ ಇದು. ಇದನ್ನು ದಾಖಲಿಸಿದವರು ಅವರನ್ನು ಸೋಲಿಸಿದ ಪಕ್ಷದವರು. ಹೊಗಳಲು ಕಾರಣವಿಲ್ಲದ ಶತ್ರುವೇ ಸಾಕ್ಷಿ ಹೇಳುತ್ತಿರುವಾಗ ನಂಬಬಹುದು. ಆದರೆ ವಿವರಗಳಲ್ಲಿ ಎಚ್ಚರ ಬೇಕು. ಗಂಡನನ್ನು ಕೊಂದ ಅಧಿಕಾರಿಯ ಮೇಲೆ ಸೇಡು ತೀರಿಸಿಕೊಳ್ಳಲು ಅವಳು ಎದ್ದಳು ಎಂದು ಎಲ್ಲ ಕಡೆ ಓದುತ್ತೀರಿ. ಚೀನಾದ ಹಳೆಯ ಚರಿತೆಯಲ್ಲಿ ಗಂಡನ ಕೊಲೆಯ ಮಾತೇ ಇಲ್ಲ. ಅಲ್ಲಿರುವುದು, ಮೆ ಲಿನ್ಹ್ ಎಂಬ ಪ್ರದೇಶದ ನಾಯಕನ ಮಗಳಾದ ಈ ದಿಟ್ಟೆ ರಾಜ್ಯಪಾಲ ಹೇರಿದ ಕಾನೂನಿಗೆ ಸಿಟ್ಟಿಗೆದ್ದು ಬಂಡೆದ್ದಳು ಎಂಬುದಷ್ಟೇ. ಹೆಂಗಸು ಕತ್ತಿ ಹಿಡಿಯಬೇಕಾದರೆ ಗಂಡ ಸತ್ತಿರಲೇಬೇಕು ಎಂಬುದು ನಂತರದ ಕಾಲದ ಪಂಡಿತರ ಕಲ್ಪನೆಯೆಂದು ನನ್ನ ಅಭಿಪ್ರಾಯ. ಹೆಣ್ಣುಮಕ್ಕಳು ಓದುವ ಪುಸ್ತಕದಲ್ಲಿ ಚೀನೀ ಚರಿತೆಯ ಹಳೆಯ ರೂಪವೇ ಇರಲಿ. ಅವರ ಕೊನೆಯ ಬಗ್ಗೆಯೂ ಎರಡು ರೂಪಗಳಿವೆ: ವಿಯೆಟ್ನಾಮಿನಲ್ಲಿ ಅವರು ಹಾತ್ ನದಿಗೆ ಹಾರಿದರೆಂಬ ನಂಬಿಕೆ, ಚೀನೀ ದಾಖಲೆಯಲ್ಲಿ ಅವರ ತಲೆಗಳನ್ನು ಕಡಿದು ರಾಜಧಾನಿಗೆ ಕಳಿಸಲಾಯಿತು. ಎರಡನ್ನೂ ಬರೆಯಿರಿ.

ಇದೇ ಜರಡಿಯಲ್ಲಿ ಉಳಿದವರನ್ನೂ ಹಿಡಿಯಬಹುದು. ಕ್ರಿ.ಶ. 248ರಲ್ಲಿ ಆನೆಯೇರಿ ಹೋರಾಡಿದ ಬಾ ಟ್ರಿಯೆವ್ ಎಂಬ ಹೆಂಗಸಿನ ಹೆಸರು ಆ ಕಾಲದ ಅಧಿಕೃತ ಚೀನೀ ಚರಿತೆಯಲ್ಲಿಲ್ಲ, ಆ ವರ್ಷದ ಬಂಡಾಯದ ಉಲ್ಲೇಖ ಮಾತ್ರ ಇದೆ. ಅವಳ ದೈತ್ಯ ದೇಹದ ವರ್ಣನೆ ನಂತರದ ಬರಹಗಳದು. ಬಾಕ್ ದಾಂಗ್ ನದಿಯಲ್ಲಿ ಮೊನಚು ಮರದ ಕಂಬಗಳನ್ನು ನೆಟ್ಟು, ಇಳಿತ ಬಂದಾಗ ಶತ್ರುವಿನ ಹಡಗುಗಳು ಸಿಕ್ಕಿಕೊಳ್ಳುವಂತೆ ಮಾಡಿದ ತಂತ್ರ ಕಥೆಯಂತೆ ಕೇಳಿಸಿದರೂ ನಿಜ. 938ರಲ್ಲಿ ನ್ಗೋ ಕ್ವಿಯೆನ್ ಅದರಿಂದಲೇ ಚೀನಾದ ದಕ್ಷಿಣ ಹಾನ್ ರಾಜ್ಯದ ಪಡೆಯನ್ನು ಮುರಿದ. 1288ರಲ್ಲಿ ಟ್ರಾನ್ ಹುಂಗ್ ದಾವೊ ಮಂಗೋಲರ ನೌಕಾಪಡೆಯ ಮೇಲೆ ಅದನ್ನೇ ಮತ್ತೆ ಪ್ರಯೋಗಿಸಿದ. 1950ರ ದಶಕದಲ್ಲಿ ಕ್ವಾಂಗ್ ಯೆನ್ ಬಳಿಯ ಕೆಸರಿನಲ್ಲಿ ಆ ಕಂಬಗಳು ಸಿಕ್ಕಿವೆ. ಈ ಸೇನಾಪತಿ ಈಗ ಸಂತ ಟ್ರಾನ್ ಆಗಿ ಪೂಜೆಗೊಳ್ಳುತ್ತಾನೆ. ಅದು ಅವನ ಮೈಮೇಲೆ ಜನ ಹೊದಿಸಿದ ಪದರ. ಒಳಗೆ ಗಟ್ಟಿ ಮನುಷ್ಯನಿದ್ದಾನೆ. ಲೆ ಲೋಯಿ ತನ್ನ ಖಡ್ಗವನ್ನು ಹನೋಯಿಯ ಹೋವಾನ್ ಕಿಯೆಮ್ ಸರೋವರದ ಆಮೆಗೆ ಹಿಂದಿರುಗಿಸಿದ ಕಥೆಗೆ ದಾಖಲೆಯಿಲ್ಲ. ಆದರೆ ಆ ಸರೋವರದಲ್ಲಿ ಅಪರೂಪದ ಭಾರೀ ಆಮೆಯೊಂದು 2016ರ ಜನವರಿಯವರೆಗೂ ಬದುಕಿತ್ತು. ಅದರ ದೇಹವನ್ನು ನ್ಗೋಕ್ ಸೋನ್ ಗುಡಿಯಲ್ಲಿ ಕಾಪಿಟ್ಟಿದ್ದಾರೆ. ಮಕ್ಕಳಿಗೆ ಅದನ್ನು ತೋರಿಸುವಂಥ ಒಂದು ಚಿತ್ರ ಹಾಕಿಸಿ. ನ್ಗುಯೆನ್ ಟ್ರಾಯ್ ಬಗ್ಗೆ ಮಕ್ಕಳ ಪುಸ್ತಕಗಳು ವಿಜಯ ಘೋಷಣೆಯವರೆಗೆ ಬಂದು ನಿಲ್ಲಿಸಿಬಿಡುತ್ತವೆ. ರಾಜನ ಸಾವಿನ ಆರೋಪ ಹೊರಿಸಿ 1442ರಲ್ಲಿ ಅವನನ್ನೂ ಅವನ ಕುಟುಂಬದ ಮೂರು ತಲೆಮಾರುಗಳನ್ನೂ ಕೊಂದರು, 1464ರಲ್ಲಿ ಲೆ ಥಾನ್ಹ್ ತೋಂಗ್ ರಾಜ ಅವನು ನಿರಪರಾಧಿಯೆಂದು ಸಾರಿದ. ಹನ್ನೆರಡು ವರ್ಷದ ಮಗುವಿಗೆ ಇದು ಅರ್ಥವಾಗುತ್ತದೆ, ಮುಚ್ಚಿಡಬೇಡಿ.

ಈಗ ಮಾವನವರ ಸಂದೇಶ. ವಿಯೆಟ್ನಾಮಿನ ನಾಯಕರು ಶಿವಾಜಿಯಿಂದ, ಕೆಲವು ರೂಪಗಳಲ್ಲಿ ರಾಣಾ ಪ್ರತಾಪನಿಂದ, ಸ್ಫೂರ್ತಿ ಪಡೆದೆವೆಂದು ಹೇಳಿದ್ದಕ್ಕೆ ಯಾವ ಆಧಾರವೂ ಇಲ್ಲ. ಒಂದೇ ಮಾತನ್ನು ಇಬ್ಬರು ವೀರರ ಹೆಸರಿನಲ್ಲಿ ತಿರುಗಿಸುತ್ತಿರುವುದೇ ಅದು ಇಲ್ಲಿ ತಯಾರಾದದ್ದೆಂಬುದಕ್ಕೆ ಗುರುತು. ಸ್ಫೂರ್ತಿಗೆ ಅವರಿಗೆ ಹೊರಗಿನವರು ಬೇಕಿರಲಿಲ್ಲ. ಮಂಗೋಲರನ್ನು ಸೋಲಿಸಿದ ಪೂರ್ವಜರೇ ಅವರಿಗಿದ್ದರು. ಮುನ್ನುಡಿಯಲ್ಲಿ ಅದು ಬೇಡ. ಅವರೆಲ್ಲ ಮೂಲತಃ ಹಿಂದೂಗಳು ಎಂಬ ಮಾತೂ ತಪ್ಪು. ಆದರೆ ಅದರ ಹಿಂದೆ ಒಂದು ನಿಜವಿದೆ. ಮಧ್ಯ ವಿಯೆಟ್ನಾಮಿನ ಕರಾವಳಿಯಲ್ಲಿ ಸಾವಿರ ವರ್ಷಗಳಿಗೂ ಮೀರಿ ಇದ್ದದ್ದು ಚಾಮ್ ಜನರ ಚಂಪಾ ರಾಜ್ಯ. ಅದರ ದೊರೆಗಳು ಶಿವನನ್ನು ಪೂಜಿಸಿದರು, ಸಂಸ್ಕೃತದಲ್ಲಿ ಶಾಸನ ಹಾಕಿಸಿದರು. ಮಿ ಸೋನ್‌ನಲ್ಲಿ ಭದ್ರವರ್ಮನು ಭದ್ರೇಶ್ವರ ಲಿಂಗವನ್ನು ಸ್ಥಾಪಿಸಿದ. ಚಾಮ್ ಲಿಪಿ ಹುಟ್ಟಿದ್ದು ಕನ್ನಡ ಲಿಪಿಯಂತೆಯೇ ಬ್ರಾಹ್ಮಿಯ ದಕ್ಷಿಣದ ಕವಲಿನಿಂದ. ಭಾರತದ ಪುರಾತತ್ತ್ವ ಇಲಾಖೆ ಮಿ ಸೋನ್ ಗುಡಿಗಳ ಜೀರ್ಣೋದ್ಧಾರದಲ್ಲಿ ತೊಡಗಿದ್ದಾಗ, 2020ರಲ್ಲಿ, ಅಲ್ಲಿ ಮರಳುಗಲ್ಲಿನ ಇಡಿಯ ಶಿವಲಿಂಗವೊಂದು ಹೊರಬಂತು. ಆದರೆ ಚಾಮ್ ಜನ ಬೇರೆ, ದೇಶದ ಬಹುಸಂಖ್ಯಾತರಾದ, ನಿಮ್ಮ ಅಜ್ಜಿಯ ಕಿನ್ಹ್ ಜನ ಬೇರೆ. ಕಿನ್ಹ್ ಜನರ ವಿಯೆಟ್ನಾಮೀ ಭಾಷೆಗೆ ಭಾರತದಲ್ಲಿ ನೆಂಟರು ಯಾರೆಂದರೆ ಮೇಘಾಲಯದ ಖಾಸಿ, ಜಾರ್ಖಂಡದ ಸಂತಾಲಿ ಮತ್ತು ಮುಂಡಾರಿ. ಇವೆಲ್ಲ ಆಸ್ಟ್ರೋಏಷ್ಯಾಟಿಕ್ ಕುಟುಂಬದವು. ಮಾವನವರಿಗೆ ಭಾರತದ ನಂಟು ಬೇಕೇ ಬೇಕೆಂದರೆ ಇದನ್ನು ಹೇಳಿ.

ಇನ್ನೊಂದು ಕಠಿಣ ಸಂಗತಿ. ನ್ಗುಯೆನ್ ಟ್ರಾಯ್‌ಗೆ ನ್ಯಾಯ ಕೊಟ್ಟ, ತನ್ನ ಆಸ್ಥಾನದಲ್ಲಿ ನೂರು ಮೊಟ್ಟೆಗಳ ವಂಶಾವಳಿಯನ್ನು ಬರೆಯಿಸಿದ ಅದೇ ಲೆ ಥಾನ್ಹ್ ತೋಂಗ್, 1471ರಲ್ಲಿ ಚಂಪಾದ ರಾಜಧಾನಿ ವಿಜಯವನ್ನು ಹಾಳುಮಾಡಿದ. ರಾಜಚರಿತೆ ಮುಗಿದದ್ದು ಅದಾಗಿ ಎಂಟು ವರ್ಷಕ್ಕೆ. ನೂರು ಮಕ್ಕಳ ಮನೆಯಲ್ಲಿ ಚಾಮರಿಗೆ ಆಗ ಜಾಗವಿರಲಿಲ್ಲ. ಇವತ್ತು ದೇಶದ 54 ಜನಾಂಗಗಳೂ ಅದೇ ತಾಯಿಯ ಮಕ್ಕಳೆಂದು ಶಾಲೆಗಳಲ್ಲಿ ಕಲಿಸುತ್ತಾರೆ. ಕಥೆ ಬೆಳೆದಿದೆ, ಒಳ್ಳೆಯ ದಿಕ್ಕಿನಲ್ಲಿ ಬೆಳೆದಿದೆ ಎಂದೇ ನಾನು ಭಾವಿಸುತ್ತೇನೆ.

ಹಾಗಾದರೆ ಹೇಗೆ ಬರೆಯುವುದು? ಎಲ್ಲವನ್ನೂ 'ಒಂದಾನೊಂದು ಕಾಲದಲ್ಲಿ' ಎಂದು ವರ್ಷಗಳಿಲ್ಲದೆ ಹೇಳಿಬಿಡುವುದು ಸುಲಭ, ಯಾರೂ ಆಕ್ಷೇಪಿಸುವುದಿಲ್ಲ. ಆದರೆ ಆಗ ಟ್ರುಂಗ್ ಸಹೋದರಿಯರು ಚಿನ್ನದ ಆಮೆಯ ಸಾಲಿಗೆ ಸೇರಿಹೋಗುತ್ತಾರೆ. ನಿಜವಾಗಿ ಸತ್ತವರಿಗೆ ಅದು ಅನ್ಯಾಯ. ಎಲ್ಲವನ್ನೂ ಇತಿಹಾಸವೆಂದು ಕ್ರಿ.ಪೂ. 2879ರಿಂದ ಶುರು ಮಾಡಿದರೆ ಅಜ್ಜಿಗೆ ಸಂತೋಷವಾದೀತು. ಆದರೆ ಲೆಕ್ಕ ಬರುವ ಮಗು ಒಂದು ದಿನ ಹದಿನೆಂಟರಿಂದ ಭಾಗಿಸಿ ನೋಡುತ್ತದೆ. ಆಮೇಲೆ ಬಾಕ್ ದಾಂಗ್ ಕಂಬಗಳನ್ನೂ ನಂಬುವುದಿಲ್ಲ. ಪುರಾಣವನ್ನೇ ಬಿಟ್ಟು ದಾಖಲೆಯಿರುವವರನ್ನು ಮಾತ್ರ ತೆಗೆದುಕೊಂಡರೆ ಪುಸ್ತಕ ನಿಖರವಾಗುತ್ತದೆ. ವಿಯೆಟ್ನಾಮಿನವರು ತಮ್ಮನ್ನು ತಾವು ಹೇಗೆ ಕಾಣುತ್ತಾರೆಂಬುದು ಮಾತ್ರ ಅದರಲ್ಲಿ ಸಿಗುವುದಿಲ್ಲ.

ನನ್ನ ಸಲಹೆ ನಾಲ್ಕನೆಯದು. ಕಥೆಯನ್ನು ಅಜ್ಜಿ ಹೇಳಿದ ಹಾಗೆಯೇ, ನಡುವೆ ಎಲ್ಲೂ ಬಾಯಿ ಹಾಕದೆ, 'ಎಂದು ನಂಬುತ್ತಾರೆ' ಎಂಬ ಬಾಲವನ್ನು ಅಂಟಿಸದೆ ಪೂರ್ತಿ ಹೇಳಿ. ಅದು ಮುಗಿದ ಮೇಲೆ ಬೇರೆ ಅಕ್ಷರದಲ್ಲಿ ಅರ್ಧ ಪುಟ: ಇದನ್ನು ಮೊದಲು ಬರೆದದ್ದು ಯಾವಾಗ, ಆಗ ನಾಡು ಯಾವ ಸ್ಥಿತಿಯಲ್ಲಿತ್ತು, ನೆಲದಡಿ ಏನು ಸಿಕ್ಕಿದೆ. ಇದರಲ್ಲೂ ಅಪಾಯಗಳಿವೆ. ಆ ಅರ್ಧ ಪುಟ ಕಥೆಯನ್ನು ಬಯಲಿಗೆಳೆಯುವ ಧಾಟಿಗೆ ಜಾರಿದರೆ ಎರಡೂ ಕೆಡುತ್ತವೆ; ಹಾಗಾಗಿ ಅಲ್ಲಿ 'ಆದರೆ ನಿಜವೇನೆಂದರೆ' ಎಂಬ ಮಾತನ್ನು ಒಮ್ಮೆಯೂ ಬಳಸಬೇಡಿ. ಮುಂದೆ ವಿಯೆಟ್ನಾಮೀ ಭಾಷೆಯಲ್ಲಿ ಅಲ್ಲಿಯೇ ಪ್ರಕಟಿಸುವ ಯೋಚನೆ ಬಂದರೆ, ಹೋ ಚಿ ಮಿನ್ ಅವರಂಥ ಈಚಿನ ನಾಯಕರ ಅಧ್ಯಾಯವನ್ನು ಅಲ್ಲಿನ ಪ್ರಕಾಶಕರು ಬಹಳ ಕಟ್ಟುನಿಟ್ಟಾಗಿ ನೋಡುತ್ತಾರೆಂಬುದು ನೆನಪಿರಲಿ. ಅವರು ತೀರಿಕೊಂಡದ್ದು 1969ರ ಸೆಪ್ಟೆಂಬರ್ 2ರಂದು, ಸ್ವಾತಂತ್ರ್ಯ ಘೋಷಣೆಯ ದಿನವೇ. ಹಬ್ಬಕ್ಕೆ ಸೂತಕ ತಟ್ಟಬಾರದೆಂದು ಸೆಪ್ಟೆಂಬರ್ 3 ಎಂದು ಪ್ರಕಟಿಸಿದ್ದರು. ಕಮ್ಯುನಿಸ್ಟ್ ಪಕ್ಷವೇ ಅದನ್ನು ಸರಿಪಡಿಸಿದ್ದು 1989ರಲ್ಲಿ. ಹಳೆಯ ಪುಸ್ತಕಗಳಿಂದ ದಿನಾಂಕ ತೆಗೆಯುವಾಗ ಇಂಥವನ್ನು ನೋಡಿಕೊಳ್ಳಿ. ಮಿ ಚೌ ಕಥೆಯಲ್ಲಿ ತಲೆ ಕಡಿಯುವ ಭಾಗವನ್ನು ಸಣ್ಣ ಮಕ್ಕಳಿಗೆಂದು ಬಿಟ್ಟುಬಿಡಬೇಡಿ, ಆದರೆ ಹೆಣ್ಣನ್ನು ನಂಬಿದರೆ ರಾಜ್ಯ ಹೋಗುತ್ತದೆ ಎಂಬ ಹಳೆಯ ನೀತಿಯನ್ನು ಅದಕ್ಕೆ ಹೊಲಿಯಲೂಬೇಡಿ. ಕೋಟೆಯ ಬೀಗ ಬಿಟ್ಟುಕೊಟ್ಟವನು ಅಳಿಯನನ್ನು ಮನೆಯೊಳಗೆ ಇಟ್ಟುಕೊಂಡ ರಾಜ.

ಪುಸ್ತಕಕ್ಕೆ ಒಂದು ಅಧ್ಯಾಯ ಚಂಪಾದ್ದೇ ಇರಲಿ, ಕಿನ್ಹ್ ರಾಜರ ಬಾಲವಾಗಿ ಅಲ್ಲ. ಸೆಪ್ಟೆಂಬರ್–ಅಕ್ಟೋಬರ್ ಹೊತ್ತಿಗೆ ಪೋ ಕ್ಲೋಂಗ್ ಗರಾಯ್ ಗುಡಿಯಲ್ಲಿ ಚಾಮರ ಕಾತೆ ಹಬ್ಬ ನಡೆಯುತ್ತದೆ. ಸಾಧ್ಯವಾದರೆ ಅಕ್ಕನ ಮಕ್ಕಳನ್ನೂ ಮಾವನವರನ್ನೂ ಕರೆದುಕೊಂಡು ಹೋಗಿ. ಅಲ್ಲಿ ದೇವರ ಹೆಸರಿನಲ್ಲಿ ಪೂಜೆಗೊಳ್ಳುವವನು ಚಾಮರ ಒಬ್ಬ ಹಳೆಯ ರಾಜ. ಅವನ ಬಗ್ಗೆ ಅಲ್ಲಿನ ಅರ್ಚಕರು ಹೇಳುವುದನ್ನು ಬರೆದುಕೊಂಡು ಬಂದರೆ ಆ ಅಧ್ಯಾಯದ ಮೊದಲ ಪುಟ ಸಿದ್ಧವಾಗುತ್ತದೆ. ಕರಡು ತಯಾರಾದಾಗ ಕಳಿಸಿ, ವರ್ಷಗಳನ್ನು ನಾನು ಪರಿಶೀಲಿಸಿ ಕೊಡುತ್ತೇನೆ.